ಲಿಫ್ಟಿನ ಕಾಸು

ವಾರ್ಕೆತಿಲಿಯ ನಮ್ಮ ಲಿಫ್ಟು ಯಾರನ್ನೂ ಪುಕ್ಕಟೆ ಹತ್ತಿಸುವುದಿಲ್ಲ.
ಗೋಡೆಗೊಂದು ತಗಡಿನ ಡಬ್ಬಿ, ಡಬ್ಬಿಗೊಂದು ಸೀಳುಬಾಯಿ.
ಇಪ್ಪತ್ತು ತೆತ್ರಿ ನುಂಗಿದರೆ ಮೇಲೆ.
ಇಲ್ಲವೇ ನೂರಿಪ್ಪತ್ತಾರು ಮೆಟ್ಟಿಲು, ಎಂಟನೆಯ ಮಹಡಿಗೆ.
ಎಣಿಸಿದ್ದೇನೆ, ಕರೆಂಟಿಲ್ಲದ ದಿನ,
ಆಲೂಗಡ್ಡೆಯ ಮೂಟೆ ಹೊತ್ತು.

ಅಂದು ಒಂದು ಕೈಯಲ್ಲಿ ಪರ್ಸಿಮನ್ ಹಣ್ಣಿನ ಪೊಟ್ಟಣ,
ಇನ್ನೊಂದರಲ್ಲಿ ನೂತ್ಸಾಳ ಶಾಲೆಯ ಚೀಲ,
ಹಲ್ಲಿನ ನಡುವೆ ಮನೆಯ ಬೀಗದ ಕೈ.
ಕಾಸು ಮಾತ್ರ ವಾಖೋ ಹತ್ತಿರ. ಅವನಿಗೆ ಮೂರು ವರ್ಷ.
‘ನಾನೇ ಹಾಕ್ತೀನಿ, ನಾನೇ, ನಾನೇ!’
ಹಾಕಿದ.
ಬಾಯಿ ಮಾತ್ರ ಬೇರೆ.

ಗುಳುಕ್.

ಬೀಗದ ಕೈ ಕಚ್ಚಿದ್ದರಿಂದ ನನಗೆ ಕೂಗಲೂ ಆಗಲಿಲ್ಲ.
ಕೂಗುವ ಗೋಜಿಗೇ ಹೋಗಲಿಲ್ಲ ನೂತ್ಸಾ,
ಆರು ವರ್ಷದ ನ್ಯಾಯಾಧೀಶೆ, ತೀರ್ಪು ಕೊಟ್ಟಳು:
‘ಕಾಸು ಇವನೊಳಗಿದೆ. ಇವನು ಲಿಫ್ಟೊಳಗಿದ್ದಾನೆ.
ಅಂದ್ರೆ ಕಾಸು ಲಿಫ್ಟೊಳಗೇ ಇದೆ. ಅಪ್ಪಾ, ಗುಂಡಿ ಒತ್ತು.’
ತಮ್ಮನನ್ನು ಎತ್ತಿ
ಅವನ ಹೊಟ್ಟೆಯನ್ನು ಡಬ್ಬಿಗೆ ಆನಿಸಿ ಹಿಡಿದಳು.

ಬಾಗಿಲು ಮುಚ್ಚಿತು.
ಲಿಫ್ಟು ಹೊರಟಿತು!

ಎಂಟು ದಾಟಿ ಒಂಬತ್ತಕ್ಕೆ ಹೋಗಿ ನಿಂತಿತು.
ಅಲ್ಲಿ ಕಸದ ಬಕೆಟ್ಟು ಹಿಡಿದು, ಹರಿದ ಚಪ್ಪಲಿಯಲ್ಲಿ,
ಲಿಫ್ಟನ್ನು ಮೇಲೆ ಕರೆಸಿಕೊಂಡಿದ್ದ ಮುದುಕ ಒತಾರ್.
ಅದನ್ನು ಈಗ ಯಾರಿಗೆ ಹೇಳಲಿ?
‘ಒಂದು ಮಹಡಿ ಜಾಸ್ತೀನೇ ಕೊಡ್ತು’ ಅಂದಳು ನೂತ್ಸಾ.
ಕಾಸಿಗೆ ತಕ್ಕ ಕಜ್ಜಾಯ ಅನ್ನುವ ಮಾತು
ಅಂದೇ ಸುಳ್ಳಾಯಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು.
ಕಪ್ಪು ಹಾಳೆಯಲ್ಲಿ ಪುಟ್ಟ ಪಕ್ಕೆಲುಬು, ಅದರ ಕೆಳಗೆ
ದುಂಡನೆಯ ಬಿಳಿ ಹುಣ್ಣಿಮೆ.
‘ತಾನಾಗೇ ಬರುತ್ತೆ, ಕಾಯಿರಿ’ ಎಂದ ಡಾಕ್ಟರು, ಆಕಳಿಸುತ್ತ.
ಖಾತುನಾ ಮೊದಲು ಅತ್ತಳು, ಆಮೇಲೆ ನಕ್ಕಳು,
ಆಮೇಲೆ ನನ್ನ ಕಡೆ ನೋಡಿದಳು.
ಮಗನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಳು, ಸರಿ.
ಆ ನೋಟ ಮಾತ್ರ ನನಗಿನ್ನೂ ಜೀರ್ಣವಾಗಿಲ್ಲ.

ಅತ್ತೆ ತ್ಸಿಸಾನಾ ಮಡಕೆ ತುಂಬ ಲೋಬಿಯೋ ಹೊತ್ತು ಬಂದರು,
‘ಕಾಳು ತಿನ್ನು ಮಗೂ, ಕಾಳು ಕಾಸನ್ನ ತಳ್ಳುತ್ತೆ.’
ಮೆಟ್ಟಿಲಲ್ಲಿ, ರೊಟ್ಟಿ ಒಲೆಯ ಮುಂದೆ, ಬಸ್ಸಿನ ಕಿಟಕಿಯಿಂದ
ಇಡೀ ಬೀದಿಗೆ ಒಂದೇ ಪ್ರಶ್ನೆ: ‘ಬಂತಾ?’
‘ಇನ್ನೂ ಇಲ್ಲ.’
ಸೇತುವೆಗಳ ಲೆಕ್ಕ ಓದಿದ ನಾನು
ಐಸ್‌ಕ್ರೀಮಿನ ಎರಡು ಕಡ್ಡಿ ಹಿಡಿದು
ದಿನಕ್ಕೆರಡು ಸಲ ಕಕ್ಕಸಿನಲ್ಲಿ ಕೂತು ಸಂಶೋಧನೆ ನಡೆಸಿದೆ.
ವಾಖೋ ಮಾತ್ರ ಜಮೀನ್ದಾರನ ಗತ್ತಿನಲ್ಲಿ ಓಡಾಡಿದ.
ಲಿಫ್ಟಿಗೆಂದು ನಾನು ಜೇಬು ತಡಕಿದರೆ
ಹೊಟ್ಟೆ ತಟ್ಟಿ ತೋರಿಸುವನು: ‘ಬೇಡ. ನನ್ನ ಹತ್ರ ಇದೆ.’

ಮೂರನೆಯ ಬೆಳಿಗ್ಗೆ, ಎನಾಮಲ್ ಪಾಟಿನ ತಳದಿಂದ
ಠಣ್!
ಯಾವ ದೇವಾಲಯದ ಗಂಟೆಗೂ ನಾನು ಹಾಗೆ ಓಡಿದವನಲ್ಲ.

ಸೋಪಿನಲ್ಲಿ ತೊಳೆದೆವು. ಬಿಸಿನೀರಲ್ಲಿ ಕುದಿಸಿದೆವು.
ಅತ್ತೆ ತಮ್ಮ ಊರಿನ ದ್ರಾಕ್ಷಿ ಸಾರಾಯಿಯಲ್ಲಿ ಅದ್ದಿದರು,
ಬಟ್ಟಲಲ್ಲಿ ಉಳಿದದ್ದನ್ನು ಎಲ್ಲಿ ಚೆಲ್ಲಿದರೋ, ಕೇಳಲಿಲ್ಲ.
‘ಅದೃಷ್ಟದ ಕಾಸು, ಎತ್ತಿಡಿ’ ಅಂದರು.
ವಾಖೋ ಒಪ್ಪಲಿಲ್ಲ. ಅದು ಲಿಫ್ಟಿನ ಸಾಲ.

ತುದಿಗಾಲಲ್ಲಿ ನಿಂತು, ನಾಲಗೆ ಹೊರಚಾಚಿ,
ಈ ಸಲ ಸರಿಯಾದ ಬಾಯಿಗೇ ಹಾಕಿದ.
ಡಬ್ಬಿ ನುಂಗಿತು. ಗುಳುಕ್.

ನಾವು ಮೇಲೇರುತ್ತಿದ್ದಂತೆ ಅವನು ಡಬ್ಬಿಯನ್ನೇ ನೋಡುತ್ತಿದ್ದ,
ಬಹಳ ಹೊತ್ತು, ಮರುಕದಿಂದ.
ಆರನೆಯ ಮಹಡಿ ದಾಟುವಾಗ
ಅದರ ತಣ್ಣನೆಯ ತಗಡಿನ ಹೊಟ್ಟೆಯನ್ನು ಮೆಲ್ಲಗೆ ಸವರಿ
ಪಿಸುಗುಟ್ಟಿದ:
‘ಹೆದರ್ಬೇಡ. ಬರುತ್ತೆ.
ಕಾಳು ತಿನ್ನು.’