ಎರಡು ಗುಂಜಿ ಕಡಿಮೆ

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ.
ಮೂಸೆಗೆ ಹಾಕುವ ಮೊದಲು ಸುಬ್ರಾಯಾಚಾರಿ ಮತ್ತೆ ಕೇಳಿದ:
"ಕರಗಿಸಲೇಬೇಕಾ ಮೇಡಂ? ಹಳೇ ಕೆಲಸ.
ಇಂಥ ಹೆಡೆ ಈಗ ಯಾರೂ ಹೊಡೆಯುವುದಿಲ್ಲ."

ಒಂದು ದೇಚವ್ವನ ಪತ್ತಾಕ್.
ಇನ್ನೊಂದು ಚಿಣ್ಣವ್ವನ ಕೊಕ್ಕೆತಾತಿ.
ಒಂದೇ ಐನ್‌ಮನೆಯ ಓರಗಿತ್ತಿಯರು,
ಗದ್ದೆಯ ಒಂದು ಬದುವಿಗಾಗಿ ಮಾತು ಬಿಟ್ಟು
ಮೂವತ್ತೊಂದು ವರ್ಷ
ಒಬ್ಬರನ್ನೊಬ್ಬರು ಸುತ್ತಿದವರು.
ಇವಳು ಒಲೆಯ ಬಳಿ ಬಂದರೆ ಅವಳು ಬಾವಿಗೆ,
ಅವಳು ಕೈಯಾಲೆಗೆ ಬಂದರೆ ಇವಳು ಹಿತ್ತಿಲಿಗೆ.
ಬಿಟ್ಟು ಹೋಗಲಿಲ್ಲ. ತಾಗಲೂ ಇಲ್ಲ.
ಹೋದದ್ದು ಒಂದೇ ಕಕ್ಕಡದಲ್ಲಿ,
ಹನ್ನೊಂದು ದಿನದ ಅಂತರ.

"ಕರಗಿಸಿ" ಅಂದೆ.

ಗೋಣಿಕೊಪ್ಪದ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ
ಸೀಮೆಸುಣ್ಣದಲ್ಲಿ ಎರಡು ಚುಕ್ಕಿ ಇಡುತ್ತೇನೆ:
ಸತ್ತ ನಕ್ಷತ್ರಗಳು, ಮಕ್ಕಳೇ.
ಅಗಲ ಇಲ್ಲಿಂದ ವಿರಾಜಪೇಟೆಗಿಂತ ಒಂದಿಷ್ಟು ಹೆಚ್ಚು,
ಒಂದು ಚಮಚ ತೆಗೆದರೆ ತಡಿಯಂಡಮೋಳಿನ ಭಾರ.
ಉರಿಯುವ ನಕ್ಷತ್ರದ ಒಲೆ
ಕಬ್ಬಿಣದವರೆಗೆ ಬೇಯಿಸುತ್ತದೆ, ಅಷ್ಟೆ,
ನಿಮ್ಮಜ್ಜನ ಪೀಚೆಕತ್ತಿಯ ಅಲಗಿನವರೆಗೆ.
ಹಿಡಿಯ ಮೇಲಿನ ಚಿನ್ನಕ್ಕೆ ಒಂದು ಸಾವು ಸಾಲದು.
ಎರಡು ಬೇಕು, ಅವೂ ಸುತ್ತಿ ಸುತ್ತಿ
ಕೋಟ್ಯಂತರ ವರ್ಷದ ಮೇಲೆ ಒಂದು ಚಿಟಿಕೆಯಲ್ಲಿ
ಢೀ.
ಆಗ ಒಂದೊಂದು ಪುಟ್ಟ ಬೀಜವೂ ನ್ಯೂಟ್ರಾನು ನುಂಗುತ್ತದೆ,
ಅರಗುವ ಮುಂಚೆ ಇನ್ನೊಂದು, ಮತ್ತೊಂದು,
ಉಬ್ಬಿ, ಕುಲ ಬದಲಿಸಿ
ಪ್ಲಾಟಿನಂ, ಯುರೇನಿಯಂ,
ಉಪ್ಪಿನೊಳಗಿನ ಅಯೋಡಿನ್, ಚಿನ್ನ.

"ಗಿರವಿ ಅಂಗಡಿಯಲ್ಲಿರುವುದೂನಾ ಮಿಸ್?"
ಹಿಂದಿನ ಬೆಂಚು.
ಅದೂ.

ಮೂಸೆಯಲ್ಲಿ ಹೆಡೆ ಮೊದಲು ಬಾಗಿತು.
ಆಮೇಲೆ ಅರ್ಧಚಂದ್ರದ ಅಂಚು.
ಎರಡು ಹನಿ, ಸ್ವಲ್ಪ ಹೊತ್ತು
ಬೇರೆ ಬೇರೆಯಾಗಿಯೇ ನಡುಗಿ
(ನಾನು ಉಸಿರು ಹಿಡಿದಿದ್ದೆ)
ಒಂದನ್ನೊಂದು ಎಳೆದುಕೊಂಡವು.
ಯಾವುದು ಯಾರದೆಂದು
ಈಗ ಆ ಬದುವೂ ಹೇಳಲಾರದು.

ಆಚಾರಿ ತೂಗಿದ. ಮತ್ತೆ ತೂಗಿದ.
"ಎರಡು ಗುಂಜಿ ಕಡಿಮೆ ಬಂತು.
ಬೆಸುಗೆ, ಕೊಳೆ, ಹೊಗೆಯಾಗಿ ಹೋಯಿತು.
ನಾನು ಮುಟ್ಟಿಲ್ಲ ಮೇಡಂ."

ಗೊತ್ತು. ಅಲ್ಲೂ ತೂಕ ಕಡಿಮೆ ಬೀಳುತ್ತದೆ.
ಹೋದದ್ದು ನಡುಕವಾಗಿ ಹೊರಟು
ಆಕಾಶವನ್ನೇ ಹಿಗ್ಗಿಸಿ ಕುಗ್ಗಿಸಿ
ಗುಡ್ಡ ಗೋಡೆ ಎನ್ನದೆ ಹಾಯುತ್ತದೆ.
ಯಾವುದೋ ಒಂದು ಸಂಜೆ
ಕೈಯಾಲೆಯಲ್ಲಿ ತಪ್ಪಿ ಎದುರಾದ
ಆ ಇಬ್ಬರನ್ನೂ ಅದು ದಾಟಿರಬೇಕು.
ಕೂದಲೆಳೆಯ ಕೋಟಿಯ ಒಂದು ಪಾಲು
ಒಬ್ಬರ ಕಡೆಗೊಬ್ಬರು ವಾಲಿ
ನೆಟ್ಟಗಾಗಿ
ಸೆರಗು ಸರಿಮಾಡಿಕೊಂಡಿರಬೇಕು.

ಬಳೆ ನಾಡಿದ್ದು ಸಿಗುತ್ತದೆ.
ಚೀಟಿಯಲ್ಲಿ ಯಾರ ಹೆಸರು ಬರೆಯಲಿ ಎಂದು
ಆಚಾರಿ ಕೇಳುತ್ತಿದ್ದಾನೆ.