ನಾಲ್ಕು ಬೆರಳು ಹಿಂದೆ

ಮಿಸ್ರಿಯಾಳ ಅಮ್ಮ ಫೋನಿನಲ್ಲಿ ಕೂಗಾಡಲಿಲ್ಲ.
"ಆಲ್ಬಮ್ಮಿನಲ್ಲಿ ಮದುಮಗಳು ಎಲ್ಲಿ?" ಎಂದಷ್ಟೇ ಕೇಳಿದರು.

ಇದ್ದಾಳೆ. ಮೂವತ್ತೆರಡು ಪಟಗಳಲ್ಲೂ ಇದ್ದಾಳೆ,
ಕುದಿಯುವ ನೀರಿನ ಆಚೆ ಕೂತವಳ ಹಾಗೆ,
ಮೈಲಾಂಜಿಯ ಬಳ್ಳಿ ಅಂಗೈಯಲ್ಲೇ ಕದಡಿ.
ಅವಳಿಂದ ನಾಲ್ಕು ಬೆರಳು ಹಿಂದೆ
ಉಮ್ಮಮ್ಮ, ಬೀಪಾತುಮ್ಮ:
ಕಿವಿಯಂಚಿನ ಉದ್ದಕ್ಕೂ ಅಲಿಕತ್ತು, ಒಂದೊಂದೂ ಎಣಿಸಬಹುದು,
ಗಲ್ಲದ ಮೇಲಿನ ಒಂಟಿ ಬಿಳಿ ಕೂದಲೂ ಸಹ.

ಗಂಡಸರು ಕ್ಯಾಮೆರಾ ಹಿಡಿದು ಬರುವಂತಿಲ್ಲದ ಕೋಣೆಗೆ
ಕುಂಬಳೆಯಿಂದ ಉಪ್ಪಳದವರೆಗೆ ನನ್ನನ್ನೇ ಕರೆಯುತ್ತಾರೆ.
ಕರೆಯುತ್ತಿದ್ದರು ಅನ್ನಬೇಕೋ ಏನೋ ಇನ್ನು.

ಮೊದಲು ನನ್ನನ್ನೇ ಶಂಕಿಸಿದೆ. ಕೈ ನಡುಗಿತೇ?
ನೆಯ್‌ಚೋರು ಎರಡು ತುತ್ತು ಹೆಚ್ಚಾಯಿತೇ?
ಆಮೇಲೆ ಸ್ವಿಚ್ಚು. ಚೀಲಕ್ಕೆ ಉಜ್ಜಿ ಉಜ್ಜಿ
ಆಟೋದಿಂದ ಮ್ಯಾನುಯಲ್‌ಗೆ ಜಾರುವುದುಂಟು.
ಜಾರಿರಲಿಲ್ಲ.
ಬುಡದ ಚಿನ್ನದ ಬಣ್ಣದ ಚುಕ್ಕಿಗಳನ್ನು
ತಂಗಿಯ ಮಗನ ರಬ್ಬರಿನಲ್ಲಿ ಮೆಲ್ಲಗೆ ತಿಕ್ಕಿದೆ,
ಕಡಲಗಾಳಿಯ ಕಿಲುಬು ಕಪ್ಪಗೆ ಬಂತು.
ಬಿಳಿ ಗೋಡೆಗೆ ಹಿಡಿದರೆ ಜೀಂ, ಜೀಂ,
ಮುಂದೆ ಹೋಯಿತು, ಹಿಂದೆ ಬಂತು,
ಕನ್ನಡಕವಿಲ್ಲದೆ ಕನ್ನಡಕ ಹುಡುಕುವವರ ಹಾಗೆ.
ಅದು ದೋಷವಲ್ಲ. ಬರಿಯ ಬಿಳುಪಿನಲ್ಲಿ
ಯಾರ ಕಣ್ಣಾದರೂ ಏನನ್ನು ಹಿಡಿದೀತು?

ಗಟ್ಟಿ ಮಾಮನಲ್ಲಿಗೆ ಒಯ್ದೆ.
ವಾಚು ರಿಪೇರಿಗೆ ಜನ ಬರುವುದು ನಿಂತ ಮೇಲೆ
ಅವರು ಬಿಚ್ಚುವುದೆಲ್ಲ ಇಂಥವನ್ನೇ.
ಲೆನ್ಸನ್ನು ಕಿವಿಗೆ ಹಿಡಿದರು. "ಮೋಟಾರು ಸರಿ ಉಂಟು.
ಬಿದ್ದಿದೆಯಾ ಇದು?"
"ಇಲ್ಲ" ಅಂದೆ.
ಮುಖ ನೋಡಿದರು.
"ಒಮ್ಮೆ, ರಿಕ್ಷಾದ ಸೀಟಿನಿಂದ. ಬರೀ ಇಷ್ಟೆತ್ತರ."

ಸ್ಟೇಷನ್ನಿನ ಹಳದಿ ಬೋರ್ಡಿನ ಎದುರು ನಿಲ್ಲಿಸಿದರು.
ನಾಲ್ಕು ಲಿಪಿ, ಒಂದೇ ಸಮತಟ್ಟು:
ಇಂಥ ಟೆಸ್ಟು ಚಾರ್ಟು ಜಪಾನಿನಲ್ಲೂ ಇರಲಿಕ್ಕಿಲ್ಲ
ಎಂಬುದು ಅವರ ನಂಬಿಕೆ.
ತೆಗೆದೆ. ಮೇಲಿನ ಮಲಯಾಳ ಚೂಪು,
ಕೆಳಗಿನ ಕನ್ನಡ ಒದ್ದೆ ಕೈಯಲ್ಲಿ ಸವರಿದ ಹಾಗೆ.
ಕಡ್ಲೆ ಮಾರುವವನು ಇಣುಕಿ ನಕ್ಕ:
"ಇದಕ್ಕೂ ಸುತ್ತೋಲೆ ಬಂದಿರಬೇಕು."
"ತಲೆಕೆಳಗು ಮಾಡಿ ಹಿಡಿ" ಅಂದರು ಮಾಮ.
ಹಿಡಿದೆ.
ಈಗ ಕುಂಬಳೆಯ ಸೊನ್ನೆ ಗೋಲಿಯಷ್ಟು ದುಂಡಗೆ,
ಮಲಯಾಳ ಮಂಜಿನೊಳಗೆ.
"ನೋಡು ಮಾರಾಯ್ತಿ, ಪಕ್ಷಪಾತ ಅಲ್ಲ. ಬರೀ ವಾರೆ."

ಬುಡದ ನಾಲ್ಕು ತಿರುಪುಗಳಲ್ಲಿ ಒಂದು ಇರಲೇ ಇಲ್ಲ,
ಇನ್ನೊಂದು ಉಗುರಿಗೇ ತಿರುಗುತ್ತಿತ್ತು.
ಸತ್ತ ಗಡಿಯಾರವೊಂದರ ಬೆನ್ನಿನಿಂದ ಕಿತ್ತು ಕೂರಿಸಿದರು.
ಉಳಿದ ಕೊಂಚ ತಪ್ಪಿಗೆ
ಶಾಲೆಯ ಸ್ಕೇಲನ್ನು ಓರೆಯಾಗಿ ಒರಗಿಸಿ
ಹದಿನೈದರ ಗೆರೆಗೆ ಗುರಿಯಿಟ್ಟು
ಮೆನುವಿನಲ್ಲಿ ಒಂದೊಂದೇ ಮನೆ ಎಳೆದೆವು.
ಮೈನಸ್ ಏಳಕ್ಕೆ ಗೆರೆ ಎದ್ದು ನಿಂತಿತು.
ಮುಚ್ಚಳದ ಒಳಗೆ ಬರೆದುಕೊಂಡಿದ್ದೇನೆ.
ಕೂಲಿ ಕೇಳಿದರೆ, ತಿರುಪಿಗೆ ಐದು ರೂಪಾಯಿ,
ಸುಳ್ಳಿಗೆ ಒಂದು ಚಾ.

ಮಿಸ್ರಿಯಾಳನ್ನು ಮತ್ತೆ ಕೂರಿಸಿ ತೆಗೆದುಕೊಟ್ಟೆ, ಪುಕ್ಕಟೆ.
ಮೈಲಾಂಜಿ ಆಗಲೇ ಕಿತ್ತಳೆಗೆ ಇಳಿದಿತ್ತು,
ರೆಪ್ಪೆಯ ಕೂದಲು ಒಂದೊಂದಾಗಿ ಬಂದವು.
ಹಾಳಾದ ಮೂವತ್ತೆರಡನ್ನು ಅಳಿಸಲು ಕೂತವಳು
ಸುಮ್ಮನೆ ದೊಡ್ಡದು ಮಾಡಿ ನೋಡಿದೆ.
ಬೀಪಾತುಮ್ಮ ಮೊಮ್ಮಗಳನ್ನು ನೋಡುತ್ತಿಲ್ಲ, ಒಂದರಲ್ಲೂ.
ನೇರ ಗಾಜನ್ನೇ ನೋಡುತ್ತಿದ್ದಾರೆ,
ತಕ್ಕಡಿ ಎತ್ತಿದ ಅಕ್ಕಸಾಲಿಯ ಕೈಯನ್ನು
ನೋಡುವವರ ಹಾಗೆ.

ಅಳಿಸಿಲ್ಲ ಇನ್ನೂ.

ನಿನ್ನೆ ಮಂಜೇಶ್ವರದಲ್ಲಿ ಮತ್ತೊಂದು ಮೈಲಾಂಜಿ.
ಮದುಮಗಳ ಕಣ್ಣಲ್ಲಿ ಟ್ಯೂಬ್‌ಲೈಟಿನ ಗೆರೆ ಕೂಡ ಚೂಪು.
ನಾಲ್ಕು ಬೆರಳು ಹಿಂದೆ
ಯಾರೋ ಇದ್ದರು.
ಹಸಿರು ತಟ್ಟವೋ, ಪರದೆಯೋ.