ಕೊಂಡಿ ಮಾರುವವನು

ವಿರ್ತ್ಸು ದಡದಿಂದ ಹಡಗು ಬಿಟ್ಟಾಗ
ನನ್ನ ಚೀಲದಲ್ಲಿ ಆರುನೂರು ಕೊಂಡಿಗಳಿದ್ದವು.
ನಲವತ್ತು ಯೂರೋಗೆ ಆರುನೂರು. ಚಳಿಗಾಲದ ರಿಯಾಯಿತಿ ಬೇರೆ.
ಯಾರ ಮನೆಯಿಂದ ಯಾರ ಮನೆಗೆ ಎಂದು ಕೇಳಬೇಡಿ:
ಹಲ್ಲಿನ ಡಾಕ್ಟರ ಪುಟದಿಂದ ಟೈರಿನಂಗಡಿಗೆ,
ಓದುವವರಿಲ್ಲದ ಅಡುಗೆ ಪುಟದಿಂದ ವಕೀಲರಿಗೆ.
ಯಾರೂ ನಡೆಯದ ಹಾದಿಗೆ
ನಾನೇ ನೆಟ್ಟ ಕೈಮರ.

ಸಾರೆಮಾ ದ್ವೀಪದ ತುದಿಯಲ್ಲಿ ಲೆಹ್ತೆಯ ಮನೆ.
ಕೈಗವಸು ಹೆಣೆಯುತ್ತಾಳೆ. ಎಪ್ಪತ್ತೊಂದು ವಯಸ್ಸು,
ಬಲಗಣ್ಣಿಗೆ ಆಪರೇಶನ್ ಆಗಿದೆ.
ಲೈಬ್ರರಿಯ ಹುಡುಗಿ ಕಟ್ಟಿಕೊಟ್ಟ ವೆಬ್‌ಸೈಟಿನಲ್ಲಿ
ಕೈಗವಸು ಹನ್ನೊಂದು ಜೊತೆ,
ಹೊರಗೆ ಹೋಗುವ ಕೊಂಡಿ ನಲವತ್ತಮೂರು.

ನೂಲು ತೆಗೆಯುವವಳದು. ಕುರಿಯ ಉಣ್ಣೆ ಕತ್ತರಿಸುವ ಅಣ್ಣತಮ್ಮಂದಿರದು.
ಬಣ್ಣಕ್ಕೆ ಬೇರು ಅಗೆದು ತರುವ ಹುಡುಗನದು,
ಪಕ್ಕದಲ್ಲೇ ಎಚ್ಚರಿಕೆ: ಫೋನ್ ಎತ್ತುವುದಿಲ್ಲ, ಪತ್ರ ಬರೆಯಿರಿ.
ಎದುರಿನ ಮುಹು ದ್ವೀಪದ ಹೆಲ್ಯುವಿನದು,
ಅದೇ ಕೈಗವಸು, ಎರಡು ಯೂರೋ ಕಡಿಮೆ.
ಅದರ ಕೆಳಗೆ ಬರೆದಿದ್ದಾಳೆ:
ಕಿತ್ತಳೆ ಬಣ್ಣ ನನ್ನ ಕೈಗೆ ಒಲಿಯುವುದಿಲ್ಲ.
ಕಿತ್ತಳೆಯೇ ಬೇಕಿದ್ದರೆ ಅವಳ ಹತ್ತಿರ ಹೋಗಿ.

"ಅಮ್ಮಾ, ನಿಮ್ಮ ಪುಟ ಸೋರುತ್ತಿದೆ" ಎಂದೆ,
ಕೊಡ ತೂತಾಗಿದೆ ಎಂದು ನೆರೆಯವರಿಗೆ ಹೇಳುವ ದನಿಯಲ್ಲಿ.
ಗ್ರಾಫ್ ತೋರಿಸಿದೆ.
ಅವಳು ನೋಡಿದ್ದು ನನ್ನ ಕೈಗಳನ್ನು.
"ಎಲ್ಲಿ ನಿನ್ನ ಗವಸು?"
ಕಾರಿನಲ್ಲಿವೆ ಎಂದು ಸುಳ್ಳು ಹೇಳಿದೆ.

ಕಾಫಿ ಬಂತು. ಕಪ್ಪು ರೊಟ್ಟಿ, ಮೇಲೆ ಹೊಗೆಯಲ್ಲಿ ಬೇಯಿಸಿದ ಮೀನು.
ಮೀನು ಯಾರ ಬಲೆಯದೆಂದು ಹೇಳಿದಳು, ರೊಟ್ಟಿ ಯಾರ ಒಲೆಯದೆಂದು,
ಬೆಣ್ಣೆ ಸವರುವ ಜುನಿಪರ್ ಮರದ ಚಾಕು ಕೆತ್ತಿದ್ದು ಯಾರೆಂದು.
ಒಂದು ತುತ್ತಿಗೆ ಮೂರು ವಿಳಾಸ.
ಬಾಯಲ್ಲಿ ಆಡುವುದೇ ಹೀಗಿರುವಾಗ
ಪುಟದಲ್ಲಿ ಬೇರೆ ಥರ ಹೇಗೆ ಬರೆದಾಳು?

"ಅವರೆಲ್ಲ ನಿಮಗೆ ತಿರುಗಿ ಕೊಟ್ಟರೇನು?"
ಮುಯ್ಯಿಯ ಲೆಕ್ಕ ಬಿಟ್ಟರೆ ಬೇರೆ ಲೆಕ್ಕ ನನಗೆ ಬಾರದು.
ಬೆರಳು ಮಡಿಸಿದಳು. ನೂಲಿನವಳು, ಹೌದು.
ಹೆಲ್ಯು, ಮೂರು ವರ್ಷ ಕಳೆದು, ಮುನಿಸು ತೀರಿದ ಮೇಲೆ.
ಫಿನ್ಲೆಂಡಿನ ಯಾವುದೋ ಹೊಲಿಗೆ ಶಾಲೆ, ಯಾಕೋ ಗೊತ್ತಿಲ್ಲ.
ಅಲ್ಲಿಗೆ ನಿಲ್ಲಿಸಿ ಕಡ್ಡಿ ಎತ್ತಿಕೊಂಡಳು.
ಮಡಿಸಿದ ಬೆರಳು
ಹೆಣಿಗೆಗೆ ಬೇಕಾಗಿತ್ತು.

ಒಂದು ಕೊಂಡಿ ಒತ್ತಿದರೆ ಎಲ್ಲಿಗೂ ಹೋಗಲಿಲ್ಲ.
ಎಂಡೆಲ್, ಗಡಿಯಾರ ರಿಪೇರಿ.
"ಇದು ಸತ್ತಿದೆ, ತೆಗೆಸಿಬಿಡಿ. ಸತ್ತ ಕೊಂಡಿ ಪುಟಕ್ಕೆ ಕೇಡು."
"ಅವನೂ ಸತ್ತಿದ್ದಾನೆ, ಹೋದ ಮಾರ್ಚಿನಲ್ಲಿ.
ಗೋಡೆಯ ಮೇಲಿನದು ನಡೆಯುತ್ತಿದೆಯಲ್ಲ."
ಗಡಿಯಾರ ಏಳು ನಿಮಿಷ ಮುಂದಿತ್ತು.
ನಾನು ಹೇಳಲಿಲ್ಲ.

ಬಾಗಿಲವರೆಗೆ ಬಂದಳು, ಪೆನ್ಸಿಲ್ ಹಿಡಿದು.
"ನಲವತ್ತನಾಲ್ಕನೆಯದು ನಿನ್ನದಿರಲಿ. ವಿಳಾಸ ಹೇಳು.
ನಿನ್ನ ಕೈಗೆ ಯಾವುದು ಒಲಿದಿದೆ, ಅದನ್ನೂ ಬರೆಯುತ್ತೇನೆ."
ಶೂ ದಾರ ಕಟ್ಟಲು ಬಗ್ಗಿದೆ.
ಬಿಚ್ಚಿರದ ದಾರವನ್ನು ಬಿಚ್ಚಿ ಕಟ್ಟಿದೆ.
ಹಡಗಿಗೆ ಹೊತ್ತಾಯಿತು ಎಂದೆ.

ಮರಳುವಾಗ ಡೆಕ್ಕಿನ ಮೇಲೆ ಗಾಳಿ.
ಬೆರಳು ಬೆಚ್ಚಗಾಗಲೆಂದು ಚೀಲಕ್ಕೆ ಕೈ ಹಾಕಿದರೆ
ಆರುನೂರರಲ್ಲಿ ಯಾವುದೋ ಒಂದು ಕುಟುಕಿತು.

ಇದಾಗಿ ಎರಡು ತಿಂಗಳು. ನಿನ್ನೆ ರಾತ್ರಿ,
ಬೇರೇನೋ ಹುಡುಕುವ ನೆಪದಲ್ಲಿ, ಅವಳ ಪುಟ ತೆರೆದೆ.
ಕಿತ್ತಳೆಯ ಒಂದು ಜೊತೆ ಹೊಸತಾಗಿ ಬಂದಿದೆ, ಹೊಲಿಗೆ ಸ್ವಲ್ಪ ಸೊಟ್ಟ.
ಪಟ್ಟಿಯ ಕೊನೆಯಲ್ಲಿ, ಎಂಡೆಲನ ಕೆಳಗೆ:
ತಾಲ್ಲಿನ್ನಿನಿಂದ ಒಬ್ಬ ಹುಡುಗ ಬಂದಿದ್ದ.
ರೊಟ್ಟಿ ಪೂರ್ತಿ ತಿಂದ. ಕೈಗೆ ಗವಸಿರಲಿಲ್ಲ.
ಗೊತ್ತಿದ್ದವರು ಇದ್ದರೆ ತಿಳಿಸಿ, ಅಳತೆ ನೆನಪಿದೆ.

ಒತ್ತಿದೆ.
ಎಲ್ಲಿಗೂ ಹೋಗಲಿಲ್ಲ.